ಕುದುರೆಯ ಮುಂದಿಟ್ಟ ನೈವೇದ್ಯ

ಮೈಸೂರಿನಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಟಾಂಗಾ ಕಾಣಸಿಗುತ್ತದೆ. ಕಳೆದ ದಸರೆಯ ರಜೆಯಲ್ಲಿ ಅಂಥದೊಂದು ಗಾಡಿಯ ಬಳಿ ನಿಂತಿದ್ದಾಗ, ಜೊತೆಗಿದ್ದ ಗೆಳೆಯರೊಬ್ಬರು ಗಾಡಿಯ ಮುದುಕನಿಗೆ ಹೊಸ ಸುದ್ದಿಯೊಂದನ್ನು ಹೇಳಿದರು: ಹೊರದೇಶಗಳಲ್ಲಿ ಕುದುರೆಯ ಮೇವಿಗೆ ಒಂದು ಹಿಡಿ ಚಿಯಾ ಬೀಜ ಬೆರೆಸುತ್ತಾರಂತೆ, ಮೈಗೆ ಹೊಳಪು, ಹೊಟ್ಟೆಗೆ ಹಿತವಂತೆ. ಮುದುಕ ನಕ್ಕು, “ಸ್ವಾಮಿ, ನಿಮಗೆ ಹಿಡಿಸಿದ್ದೆಲ್ಲ ಇದಕ್ಕೂ ಹಿಡಿಸಬೇಕಲ್ಲ!” ಎಂದ. ಮಾತು ಸಣ್ಣದು. ಆದರೆ ಅದರ ಬೆನ್ನಿಗೆ ಶತಮಾನಗಳ ಇತಿಹಾಸವೇ ಇದೆಯೆಂಬುದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು.

ಚಿಯಾ ನೋಡುವುದಕ್ಕೆ ನಮ್ಮ ಕಾಮಕಸ್ತೂರಿಯ ಬೀಜವನ್ನು ಹೋಲುತ್ತದೆ. ನೀರಿಗೆ ಹಾಕಿದರೆ ಅದರಂತೆಯೇ ಲೋಳೆಗಟ್ಟುತ್ತದೆ. ಎರಡೂ ತುಳಸಿಯ ಕುಟುಂಬಕ್ಕೆ ಸೇರಿದವು. ಚಿಯಾದ ತವರು ಮೆಕ್ಸಿಕೊ. ಅಲ್ಲಿನ ಅಸ್ಟೆಕ್ ಜನರಿಗೆ ಮೆಕ್ಕೆಜೋಳ, ಬೀನ್ಸ್ ಕಾಳು, ದಂಟಿನ ಬೀಜ ಇವುಗಳೊಡನೆ ಇದೂ ಮುಖ್ಯವಾದ ಆಹಾರ. ಅಧೀನವಾದ ಊರುಗಳು ಚಕ್ರವರ್ತಿಗೆ ತೆರುತ್ತಿದ್ದ ಕಪ್ಪದಲ್ಲಿ ಚಿಯಾ ತುಂಬಿದ ಕಣಜಗಳೂ ಸೇರಿದ್ದುವೆಂಬುದನ್ನು 16ನೆಯ ಶತಮಾನದ ಮೆಂಡೋಜಾ ಹಸ್ತಪ್ರತಿ ಚಿತ್ರಸಹಿತವಾಗಿ ತೋರಿಸುತ್ತದೆ.

ಸೋಜಿಗವೆಂದರೆ, ಚಿಯಾ ಬೆಳೆದ ಆ ನಾಡಿನಲ್ಲಿ ಆಗ ಕುದುರೆಯೇ ಇರಲಿಲ್ಲ. ಕುದುರೆಯ ವಂಶ ಮೊದಲು ಬೆಳೆದದ್ದೇನೋ ಅಮೆರಿಕ ಖಂಡದಲ್ಲಿಯೇ. ಆದರೆ ಸುಮಾರು 10,000 ವರ್ಷಗಳ ಹಿಂದೆ ಅದು ಅಲ್ಲಿ ಅಳಿದುಹೋಯಿತು. 1519ರಲ್ಲಿ ಸ್ಪೇನಿನ ಹೆರ್ನಾನ್ ಕೊರ್ಟೆಸ್ 16 ಕುದುರೆಗಳೊಡನೆ ಮೆಕ್ಸಿಕೊದ ಕರಾವಳಿಯಲ್ಲಿ ಇಳಿದಾಗ ಅಲ್ಲಿನವರು ಆ ಪ್ರಾಣಿಯನ್ನು ಮೊದಲ ಬಾರಿಗೆ ಕಂಡರು. ಆ ದಂಡಿನಲ್ಲಿದ್ದ ಬೆರ್ನಾಲ್ ದಿಯಾಸ್ ಎಂಬ ಸೈನಿಕ ಮುಪ್ಪಿನಲ್ಲಿ ಬರೆದ ವೃತ್ತಾಂತದಲ್ಲಿ, ಒಂದೊಂದು ಕುದುರೆಯನ್ನೂ ಅದರ ಬಣ್ಣ, ಅದರ ಒಡೆಯ ಎಂದು ನೆನೆದು ಹೇಳುತ್ತಾನೆ.

1525ರಲ್ಲಿ ಕೊರ್ಟೆಸ್ ಹೊಂಡುರಾಸಿನ ಕಡೆಗೆ ಕಾಡುದಾರಿಯಲ್ಲಿ ಸಾಗಿದ್ದಾಗ ಅವನ ಕುದುರೆಯೊಂದಕ್ಕೆ ಕಾಲಿಗೆ ಪೆಟ್ಟಾಗಿ ನಡೆಯಲಾರದಂತಾಯಿತು. ಇಂದಿನ ಗ್ವಾಟೆಮಾಲಾದ ಪೆಟೇನ್ ಸರೋವರದ ಬಳಿ, ಇಟ್ಜಾ ಎಂಬ ಮಾಯಾ ಪಂಗಡದ ಅರಸನ ವಶಕ್ಕೆ ಅದನ್ನು ಒಪ್ಪಿಸಿ ಅವನು ಮುಂದೆ ಹೋದ. ಮತ್ತೆ ಅತ್ತ ಬರಲೇ ಇಲ್ಲ. ಮುಂದಿನ ಕಥೆಯನ್ನು ನಂತರದ ಸ್ಪೇನಿನ ಇತಿಹಾಸಕಾರರು ಹೇಳುತ್ತಾರೆ. ಇಟ್ಜಾ ಜನ ಅದನ್ನು ದೇವರೆಂದು ಭಾವಿಸಿ, ಅದರ ಮುಂದೆ ಕೋಳಿಯ ಮಾಂಸವನ್ನೂ ಹೂವಿನ ಗೊಂಚಲುಗಳನ್ನೂ ಇಟ್ಟರು. ಕುದುರೆ ಸತ್ತಿತು. ಅವರು ಕಲ್ಲಿನ ಕುದುರೆಯೊಂದನ್ನು ಮಾಡಿ ಅದಕ್ಕೆ ತ್ಸಿಮಿನ್ ಚಾಕ್, ಎಂದರೆ ಗುಡುಗಿನ ಕುದುರೆ, ಎಂದು ಹೆಸರಿಟ್ಟು ಪೂಜಿಸಿದರು. 1618ರಲ್ಲಿ ಅಲ್ಲಿಗೆ ಹೋದ ಇಬ್ಬರು ಕ್ರೈಸ್ತ ಸಂನ್ಯಾಸಿಗಳಲ್ಲಿ ಒರ್ಬಿತಾ ಎಂಬಾತ ಆ ವಿಗ್ರಹವನ್ನು ಒಡೆದುಹಾಕಿದ.

ಆ ಕುದುರೆಗೆ ಅಲ್ಲಿ ಯಾರೂ ಕೇಡು ಬಗೆದವರಲ್ಲ. ತಮಗೆ ಶ್ರೇಷ್ಠವೆಂದು ತೋರಿದ್ದನ್ನೇ ಅದಕ್ಕೆ ಇಟ್ಟರು. ಅದು ಬೇಡುತ್ತಿದ್ದುದು ಬರಿಯ ಹುಲ್ಲು.

ಈ ಕಥೆಯನ್ನು ಕೇಳಿ ನಾವು ನಗುವಂತಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಿಗೆ ಬಂದ ಮಾರ್ಕೊ ಪೋಲೊ, ಅರಬ್ಬೀ ಸಮುದ್ರದಾಚೆಯಿಂದ ಅಪಾರ ಹಣ ಕೊಟ್ಟು ತರಿಸಿದ ಕುದುರೆಗಳಿಗೆ ಇಲ್ಲಿನವರು ಬೇಯಿಸಿದ ಅನ್ನ ಮಾಂಸಗಳನ್ನು ತಿನ್ನಿಸುತ್ತಾರೆಂದೂ, ಅವು ಸಾಯುವುದಕ್ಕೆ ಅದೇ ಕಾರಣವೆಂದೂ ಬರೆದಿದ್ದಾನೆ. ಕುದುರೆ ಸತ್ತಷ್ಟೂ ವ್ಯಾಪಾರಿಗೆ ಲಾಭ. ವಿಜಯನಗರದ ಸಾಳುವ ನರಸಿಂಹನಂತೂ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುತ್ತಾನೆ.

ಆದರೆ ಈ ನೆಲ ಕ್ರಮೇಣ ಪಾಠ ಕಲಿಯಿತು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪಾಯಿಸ್, ಇಲ್ಲಿ ಜವೆಯ ಬದಲಿಗೆ ಜನರೂ ಕುದುರೆಗಳೂ ತಿನ್ನುವ ಕಾಳೊಂದನ್ನು ಹೇರಳವಾಗಿ ಬೆಳೆಯುತ್ತಾರೆಂದು ಬರೆದ. ಅದು ನಮ್ಮ ಹುರುಳಿಯಂಥ ಕಾಳೇ ಇದ್ದೀತು. ಮುಂದೆ ದಕ್ಷಿಣದ ಲಾಯಗಳಲ್ಲಿ ಬೇಯಿಸಿದ ಹುರುಳಿ ಎಷ್ಟು ಬಳಕೆಗೆ ಬಂತೆಂದರೆ, ಇಂಗ್ಲಿಷಿನವರು ಅದಕ್ಕೆ ‘ಹಾರ್ಸ್ ಗ್ರಾಂ’ ಎಂದೇ ಹೆಸರಿಟ್ಟರು. ಒಣನೆಲದಲ್ಲಿ ಬೆಳೆಯುವ ಬಡವನ ಕಾಳೇ ಅರಬ್ಬೀ ಕುದುರೆಗೂ ಒಗ್ಗಿತು.

ಇನ್ನು ಚಿಯಾದ ಮಾತು. ಅದರಲ್ಲಿ ಗುಣವಿಲ್ಲವೆಂದಲ್ಲ. ಬೀಜದ ತೂಕದಲ್ಲಿ ನೂರಕ್ಕೆ ಸುಮಾರು 30 ಭಾಗ ಎಣ್ಣೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಎಂಬ ಕೊಬ್ಬು. ಆದರೆ ಹಸಿರು ಹುಲ್ಲಿನ ಕೊಬ್ಬಿನಲ್ಲಿಯೂ ಮುಖ್ಯವಾಗಿರುವುದು ಇದೇ. ಬಯಲಿನಲ್ಲಿ ಮೇಯುವ ಕುದುರೆಗೆ ಅದು ಹುಲ್ಲಿನಿಂದಲೇ ದೊರೆಯುತ್ತದೆ. ಲಾಯದಲ್ಲಿ ಕಟ್ಟಿಹಾಕಿ ಒಣಹುಲ್ಲು, ಧಾನ್ಯಗಳಲ್ಲೇ ಸಾಕಿದ ಕುದುರೆಗೆ ಮಾತ್ರ ಅದರ ಕೊರತೆ. ಅದನ್ನು ನಮ್ಮ ಅಗಸೆಯೂ ತುಂಬೀತು. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ನಾರು ಜೀರ್ಣವಾಗುವುದು ಹಿಂಗರುಳಿನಲ್ಲಿ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಮೇಯುವುದಕ್ಕಾಗಿಯೇ ಆದ ದೇಹವದು. ವಾಂತಿ ಮಾಡಲಾರದ ಪ್ರಾಣಿಯಾದ್ದರಿಂದ, ಮೇವನ್ನು ಥಟ್ಟನೆ ಬದಲಿಸಿದರೆ ಹೊಟ್ಟೆನೋವಿನಿಂದ ಪ್ರಾಣವನ್ನೇ ಕಳೆದುಕೊಂಡೀತು.

ಇಂದು ಚಿಯಾ ನಮ್ಮ ಹೆಗ್ಗಡದೇವನಕೋಟೆಯ ಹೊಲಗಳಿಗೂ ಬಂದಿದೆ. ಮೈಸೂರಿನ ಆಹಾರ ಸಂಶೋಧನಾಲಯ ಅದಕ್ಕೆ ದಾರಿ ಮಾಡಿಕೊಟ್ಟಿತು. ಬೆಳೆಯಲಿ, ರೈತನಿಗೆ ನಾಲ್ಕು ಕಾಸು ಬರಲಿ. ಒಂದು ಹಿಡಿ ಕುದುರೆಗೂ ಸಲ್ಲಲಿ, ಅದರ ಹೊಟ್ಟೆ ಬೇಡಿದರೆ. ಆದರೆ ನಮಗೆ ಪ್ರಿಯವಾದದ್ದೆಂಬ ಒಂದೇ ಕಾರಣಕ್ಕೆ ಅದರ ಮುಂದಿಡುವುದಾದರೆ, ಅದು ಮೇವಲ್ಲ, ನೈವೇದ್ಯ. ನೈವೇದ್ಯ ತಿಂದು ಬದುಕುವುದು ಕಲ್ಲಿನ ಕುದುರೆಗೆ ಮಾತ್ರ ಸಾಧ್ಯ.

ಅಂದು ಆ ಮುದುಕ ಮತ್ತೇನೂ ಹೇಳಲಿಲ್ಲ. ಗಾಡಿಯ ಕೆಳಗಿನಿಂದ ಹಸಿ ಹುಲ್ಲಿನ ಕಟ್ಟೊಂದನ್ನು ಎಳೆದು ಬಿಚ್ಚಿದ. ಕುದುರೆ ನಮ್ಮ ಕಡೆ ನೋಡದೆ ತಲೆ ತಗ್ಗಿಸಿತು.