ವೃದ್ಧಾಶ್ರಮಕ್ಕೆ ವಿನಾಯಿತಿ, ವೃದ್ಧರ ಮನೆಗೆ ಕಂದಾಯ: ಶಿವಮೊಗ್ಗ–ಭದ್ರಾವತಿಯ ನೆಲೆಯಿಂದ

ಹುಲಿ–ಸಿಂಹಧಾಮದ ತ್ಯಾವರೆಕೊಪ್ಪದಿಂದ ಸಾಗರ ರಸ್ತೆ ಹಿಡಿದು ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ಭದ್ರಾವತಿ ಸೇರುವಷ್ಟರಲ್ಲಿ ಮನೆ ಕಂದಾಯದ ಮೂರು ಕಾಯ್ದೆಗಳನ್ನು ದಾಟಿರುತ್ತೇವೆ. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ, ಭದ್ರಾವತಿ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮ, ಶಿವಮೊಗ್ಗಕ್ಕೆ 1976ರ ನಗರಪಾಲಿಕೆಗಳ ಅಧಿನಿಯಮ. ಈ ಲೇಖನದ ಗಮನ ಮುಖ್ಯವಾಗಿ ಮೂರನೆಯದರ ಮೇಲೆ.

ಅದರ 110ನೇ ಪ್ರಕರಣ ವಿನಾಯಿತಿಗಳನ್ನು ಹೇಳುತ್ತದೆ. ದೇವಸ್ಥಾನಗಳ ಜೊತೆಗೆ ಅನಾಥಾಲಯ, ಶ್ರವಣದೋಷವುಳ್ಳವರ ಶಾಲೆ, ವೃದ್ಧರ ಆಶ್ರಯಧಾಮಗಳೂ ಅಲ್ಲಿವೆ. ಮುಪ್ಪನ್ನೂ ಅಂಗವೈಕಲ್ಯವನ್ನೂ ಕಾನೂನು ಗುರುತಿಸಿಯೇ ಇದೆ, ಆದರೆ ಸಂಸ್ಥೆಯ ಕಟ್ಟಡದೊಳಗೆ ಮಾತ್ರ. ಎಪ್ಪತ್ತು ದಾಟಿದ ತಾಯಿ ಆಶ್ರಮ ಸೇರಿದರೆ ಆ ಕಟ್ಟಡಕ್ಕೆ ತೆರಿಗೆಯಿಲ್ಲ. ತನ್ನ ಹೆಂಚಿನ ಮನೆಯಲ್ಲೇ ಉಳಿದರೆ ಉಂಟು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ತೆರಿಗೆಯ ಲೆಕ್ಕ ಮಾಲೀಕರ ಆದಾಯವನ್ನು ನೋಡುವುದಿಲ್ಲ. ನೋಡುವುದು ಮುದ್ರಾಂಕ ಕಾಯ್ದೆಯ ಮಾರ್ಗಸೂಚಿ ದರವನ್ನು ಆಧರಿಸಿದ ಬಂಡವಾಳ ಮೌಲ್ಯವನ್ನು. ಆ ದರ 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಪರಿಷ್ಕರಣೆಯಾಯಿತು. ಪಿಂಚಣಿ ಹಾಗೆ ಏರುವುದಿಲ್ಲ. ಕಬ್ಬಿಣದ ಕಾರ್ಖಾನೆ ಮತ್ತು ಎಂಪಿಎಂ ಕಾಗದ ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿಯಲ್ಲೇ ನಿಂತಿದೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಸಿಗುವ ಶೇ. 5ರ ರಿಯಾಯಿತಿ ಕೈಯಲ್ಲಿ ಹಣವಿದ್ದವರ ಪಾಲು. ಕಟ್ಟಲಾಗದವರ ಬಾಕಿಗೆ ತಿಂಗಳಿಗೆ ಶೇ. 2ರ ದಂಡ, ಅಂದರೆ ವರ್ಷಕ್ಕೆ ಶೇ. 24.

ಬೇರೆ ದಾರಿಗಳಿವೆ. ದೆಹಲಿ ಪಾಲಿಕೆ ಹಿರಿಯ ನಾಗರಿಕರು, ಮಹಿಳೆಯರು ಮತ್ತು ಅಂಗವಿಕಲರು ಸ್ವಂತ ವಾಸಕ್ಕಿಟ್ಟುಕೊಂಡ ಒಂದು ಮನೆಗೆ ಶೇ. 30ರ ರಿಯಾಯಿತಿ ಕೊಡುತ್ತ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲೇ ಹಿರಿಯರ ಮನೆ ತೆರಿಗೆಯನ್ನು ಅವರ ಆದಾಯಕ್ಕೆ ಜೋಡಿಸಿತು. ನಮಗೆ ಹೆಚ್ಚು ಹೊಂದುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕ್ರಮ: 55 ದಾಟಿದವರು ತೆರಿಗೆಯನ್ನು ಮುಂದೂಡಬಹುದು, ಮನೆ ಕೈ ಬದಲಾದಾಗ ಬಡ್ಡಿಯೊಡನೆ ಅದು ವಸೂಲಾಗುತ್ತದೆ. ಪಾಲಿಕೆಯ ವರಮಾನ ತಡವಾಗುತ್ತದೆಯೇ ಹೊರತು ಕೈತಪ್ಪುವುದಿಲ್ಲ. ಖಾತೆ ಬದಲಾವಣೆಗೆ ಬಾಕಿ ತೀರಿಸಿದ ರಸೀದಿ ಕೇಳುವ ರೂಢಿ ನಮ್ಮಲ್ಲಿ ಈಗಲೇ ಇರುವುದರಿಂದ ವಸೂಲಿಗೆ ಹೊಸ ಯಂತ್ರಾಂಗವೂ ಬೇಡ.

ಅರ್ಹತೆಯ ದಾಖಲೆಯೂ ಹೊಸದಾಗಿ ಹುಟ್ಟಬೇಕಿಲ್ಲ. 2007ರ ಪೋಷಕರ ಪೋಷಣೆ ಕಾಯ್ದೆ 60 ವರ್ಷವನ್ನೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ. 40ರ ವೈಕಲ್ಯವನ್ನೂ ಅಳತೆಗೋಲಾಗಿ ಇಟ್ಟಿವೆ. ವೃದ್ಧರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದ ಪಟ್ಟಿ ತಾಲ್ಲೂಕು ಕಚೇರಿಯಲ್ಲಿದೆ. ತೊಡಕಿರುವುದು ‘ಮಾಲೀಕ’ ಎಂಬ ಪದದಲ್ಲಿ. ಗಂಡ ತೀರಿಹೋಗಿ ವರ್ಷಗಳಾದರೂ ಖಾತೆ ಅವನ ಹೆಸರಲ್ಲೇ ಉಳಿದ ಮನೆಗಳು ನಮ್ಮ ಓಣಿಗಳಲ್ಲಿ ಅಪರೂಪವಲ್ಲ. ರಿಯಾಯಿತಿ ಖಾತೆದಾರರಿಗೆ ಮಾತ್ರ ಎಂದರೆ ಆ ಮನೆಯ ವಿಧವೆಗೆ ಏನೂ ದಕ್ಕುವುದಿಲ್ಲ. ಆದ್ದರಿಂದ ಇಂಥ ಅವಕಾಶಕ್ಕಾಗಿ ಕಾಯ್ದೆಗೆ ತರಬೇಕಾದ ತಿದ್ದುಪಡಿಯ ಕರಡಿನಲ್ಲಿ ‘ಮಾಲೀಕ’ ಎಂಬುದರ ಜೊತೆಗೆ ‘ಆ ಮನೆಯಲ್ಲಿ ವಾಸವಿರುವ ಬಾಳಸಂಗಾತಿ ಅಥವಾ ವಾರಸುದಾರ’ ಎಂದೂ ಬರೆಯಬೇಕು.