ಕಿತ್ತೂರಿನಿಂದ ಕ್ಲೌಡ್‌ವರೆಗೆ: ದೂರವಾಣಿ ವಿನಿಮಯ ಕೇಂದ್ರದ ಕಥೆ

ಬೆಳಗಾವಿ ಜಿಲ್ಲೆಯ ಕಿತ್ತೂರು ಎಂದೊಡನೆ ನಿಮಗೆ ನೆನಪಾಗುವುದು ರಾಣಿ ಚೆನ್ನಮ್ಮ ಮತ್ತು 1824ರ ಹೋರಾಟ. ಭಾರತದ ದೂರಸಂಪರ್ಕದ ಇತಿಹಾಸದಲ್ಲೂ ಕಿತ್ತೂರಿಗೆ ಒಂದು ಸ್ಥಾನವಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ನಮ್ಮ ದೇಶದಲ್ಲೇ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಇದೇ ಕಿತ್ತೂರಿನಲ್ಲಿ. ಅದರ ಚಿಕ್ಕ ಹೆಸರು ‘ರ‍್ಯಾಕ್ಸ್’.

ಆ ಸಂಗತಿಯನ್ನು ಇಂದು ನೆನೆಯಲು ಕಾರಣವಿದೆ. ಕಚೇರಿ, ಆಸ್ಪತ್ರೆ, ಕಾಲೇಜುಗಳಲ್ಲಿರುವ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ತೆಗೆದು ‘ಕ್ಲೌಡ್ ಫೋನ್’ ವ್ಯವಸ್ಥೆಗೆ ಬದಲಾಗಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಕಿತ್ತೂರಿನ ಸೀಮೆಯಲ್ಲೇ ಇರುವ ದೊಡವಾಡದಂಥ ಊರಿನಲ್ಲಿ ಒಂದು ಸಹಕಾರಿ ಸಂಘವೋ ಆಸ್ಪತ್ರೆಯೋ ಈ ಸಲಹೆಯನ್ನು ಒಪ್ಪಬೇಕೇ, ಬಿಡಬೇಕೇ? ತಪ್ಪು ತಿಳಿವಳಿಕೆಯಿಂದ ನಿರ್ಧರಿಸಿದರೆ ನಷ್ಟವಾಗುವುದು ಹಣವಷ್ಟೇ ಅಲ್ಲ. ರಾತ್ರಿ ಆಸ್ಪತ್ರೆಗೆ ಬರಬೇಕಾದ ಕರೆಯೇ ಬಾರದೆ ಹೋಗಬಹುದು. ಉತ್ತರಕ್ಕೆ ಮೊದಲು ವಿನಿಮಯ ಕೇಂದ್ರದ ಕೆಲಸವನ್ನು ಅರಿಯೋಣ.

ವಿನಿಮಯ ಕೇಂದ್ರ ಏಕೆ ಬೇಕು?

ಒಂದು ಊರಿನಲ್ಲಿ 100 ದೂರವಾಣಿಗಳಿವೆ ಎನ್ನಿ. ಪ್ರತಿಯೊಂದನ್ನೂ ಉಳಿದೆಲ್ಲವುಗಳ ಜೊತೆ ನೇರವಾಗಿ ಜೋಡಿಸಲು ಎಷ್ಟು ತಂತಿಜೋಡಿ ಬೇಕು? 100×99÷2, ಅಂದರೆ 4,950. ಎಲ್ಲ ತಂತಿಗಳನ್ನೂ ಒಂದೇ ಸ್ಥಳಕ್ಕೆ ತಂದು, ಬೇಕಾದಾಗ ಬೇಕಾದ ಎರಡನ್ನು ಅಲ್ಲಿ ಜೋಡಿಸಿದರೆ 100 ಜೋಡಿ ಸಾಕು. ಆ ಸ್ಥಳವೇ ವಿನಿಮಯ ಕೇಂದ್ರ.

ಭಾರತದಲ್ಲಿ ಇಂಥ ಕೇಂದ್ರಗಳು 1882ರ ಜನವರಿಯಲ್ಲಿ ಕೋಲ್ಕತ್ತ, ಮುಂಬಯಿ ಮತ್ತು ಮದ್ರಾಸುಗಳಲ್ಲಿ ತೆರೆದವು. ಆಗ ಜೋಡಿಸುವವರು ಮನುಷ್ಯರು. ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಸ್ವಯಂಚಾಲಿತ ಸ್ವಿಚ್ಚಿಗೆ ಪೇಟೆಂಟ್ ಪಡೆದ. ಆತನ ವೃತ್ತಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದು. ಆಪರೇಟರು ತನ್ನ ಗಿರಾಕಿಗಳ ಕರೆಗಳನ್ನು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆ ಎಂಬ ಸಂಶಯವೇ ಈ ಶೋಧಕ್ಕೆ ಕಾರಣವೆಂದು ಹೇಳುತ್ತಾರೆ. ನೀವು ಡಯಲ್ ತಿರುಗಿಸಿದಷ್ಟು ಮಿಡಿತಗಳಿಗೆ ಆ ಸ್ವಿಚ್ಚಿನ ಲೋಹದ ತೋಳು ಅಷ್ಟೇ ಮೆಟ್ಟಿಲು ಚಲಿಸುತ್ತಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ಇಂಥ ಸ್ಟ್ರೌಜರ್ ಉಪಕರಣಗಳನ್ನು ತಯಾರಿಸಿತು. ಮುಂದೆ ಕ್ರಾಸ್‌ಬಾರ್ ಬಂತು. ಎರಡರಲ್ಲೂ ಚಲಿಸುವ ಭಾಗಗಳಿದ್ದವು. ದೂಳು ಕುಳಿತರೆ, ಸಂಪರ್ಕಬಿಂದು ಸವೆದರೆ ಕರೆ ತಪ್ಪುತ್ತಿತ್ತು. ಹಳ್ಳಿಯವರು ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯುತ್ತಿದ್ದುದನ್ನು ಹಿರಿಯರಿಂದ ನೀವು ಕೇಳಿರಬಹುದು.

ಕಿತ್ತೂರಿನಲ್ಲಿ ಬದಲಾದದ್ದು

1984ರ ಆಗಸ್ಟಿನಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಯಿತು. ಸ್ಯಾಮ್ ಪಿತ್ರೋಡಾ ಅದರ ಪ್ರೇರಕರು, ಜಿ. ಬಿ. ಮೀಮಾಂಸಿ ಅದನ್ನು ಮುನ್ನಡೆಸಿದವರು. 36 ತಿಂಗಳಲ್ಲಿ 36 ಕೋಟಿ ರೂಪಾಯಿ ವೆಚ್ಚದಲ್ಲಿ ಭಾರತಕ್ಕೆ ಒಪ್ಪುವ ಎಲೆಕ್ಟ್ರಾನಿಕ್ ಕೇಂದ್ರವನ್ನು ರೂಪಿಸುವ ಗುರಿ ಅದಕ್ಕಿತ್ತು. ವಿದೇಶಗಳ ಎಲೆಕ್ಟ್ರಾನಿಕ್ ಕೇಂದ್ರಗಳು ದೊಡ್ಡ ನಗರಗಳಿಗೆ ತಕ್ಕವು. ಅವಕ್ಕೆ ಹವಾನಿಯಂತ್ರಣ ಬೇಕಿತ್ತು. ನಮ್ಮ ಹಳ್ಳಿಗೆ ಬೇಕಾದದ್ದು ಚಿಕ್ಕದು. ಬಿಸಿಲು, ದೂಳುಗಳನ್ನು ತಾಳುವಂಥದು. ಕಡಿಮೆ ವಿದ್ಯುತ್ ಬಳಸುವ ಚಿಪ್‌ಗಳಿಂದ ರ‍್ಯಾಕ್ಸ್ ಅನ್ನು ಕಟ್ಟಲಾಯಿತು. ಆದ್ದರಿಂದ ಹವಾನಿಯಂತ್ರಣ ಬೇಕಾಗಲಿಲ್ಲ. ಅದರಲ್ಲಿ 128 ಪೋರ್ಟ್‌ಗಳು. ಹೆಚ್ಚಿನವು ಚಂದಾದಾರರಿಗೆ, ಉಳಿದವು ಹೊರ ಊರಿನ ಟ್ರಂಕ್ ಹಾದಿಗಳಿಗೆ.

ಒಳಗಿನ ಕೆಲಸವನ್ನು ಗಮನಿಸಿ. ತಾಮ್ರದ ತಂತಿಯಲ್ಲಿ ಬಂದ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. 8,000×8 = 64,000 ಬಿಟ್. ಎರಡು ಅಳತೆಗಳ ನಡುವೆ 125 ಮೈಕ್ರೊಸೆಕೆಂಡ್ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಇತರ ಕರೆಗಳ ಅಳತೆಗಳನ್ನೂ ಸರತಿಯಲ್ಲಿ ಸ್ಮೃತಿಕೋಶಕ್ಕೆ ಬರೆದು, ಬೇರೊಂದು ಸರತಿಯಲ್ಲಿ ಓದಲಾಗುತ್ತದೆ. 5ನೆಯವರ ಅಂಕಿಗಳನ್ನು 40ನೆಯವರ ಸರದಿಯಲ್ಲಿ ಓದಿದರೆ ಅವರಿಬ್ಬರಿಗೂ ಸಂಪರ್ಕವಾಯಿತು! ಲೋಹದ ತೋಳಿನ ಬದಲು ಓದುವ ಸರತಿ. ಆ ಸರತಿಯನ್ನು ಗೊತ್ತುಮಾಡುವುದು ತಂತ್ರಾಂಶ. ಹೀಗೆ ವಿನಿಮಯ ಕೇಂದ್ರವೇ ಒಂದು ಗಣಕವಾಯಿತು. ಮುಂದಿನ ವರ್ಷಗಳಲ್ಲಿ ಸಾವಿರಾರು ಹಳ್ಳಿಗಳಿಗೆ ರ‍್ಯಾಕ್ಸ್ ಬಂತು. ಎಸ್‌ಟಿಡಿ ಬೂತುಗಳು ತಲೆ ಎತ್ತಿದವು.

ಕೆಲವು ತಪ್ಪು ತಿಳಿವಳಿಕೆಗಳು

1. ‘ಕ್ಲೌಡ್ ಎಂದರೆ ಆಕಾಶ; ಕರೆ ಉಪಗ್ರಹದ ಮೂಲಕ ಹೋಗುತ್ತದೆ.’ ಹಾಗಲ್ಲ. ಎಂಜಿನಿಯರುಗಳು ನಕ್ಷೆಗಳಲ್ಲಿ ಜಾಲವನ್ನು ಮೋಡದ ಆಕಾರದಲ್ಲಿ ಬರೆಯುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ನಿಮ್ಮ ಕರೆಯನ್ನು ಜೋಡಿಸುವ ತಂತ್ರಾಂಶ ಓಡುವುದು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ದತ್ತಾಂಶ ಕೇಂದ್ರದ ಗಣಕದಲ್ಲಿ. ಲೆಕ್ಕ ಹಾಕಿ ನೋಡಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹೋಗಿ ಇಳಿಯಲು ಸಂಕೇತಕ್ಕೆ ಸುಮಾರು 0.24 ಸೆಕೆಂಡ್ ಬೇಕು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. 600 ಕಿ.ಮೀ. ಉದ್ದದ ಕೇಬಲ್ಲನ್ನು ಅದು 3 ಮಿಲಿಸೆಕೆಂಡಿನಲ್ಲಿ ದಾಟುತ್ತದೆ.

2. ‘ಇದು ತೀರ ಹೊಸದು, ಪರೀಕ್ಷೆಗೊಳಗಾಗದ್ದು.’ ಧ್ವನಿಯನ್ನು ಅಂಕಿಯಾಗಿಸುವುದು, ತಂತ್ರಾಂಶದಿಂದ ಜೋಡಿಸುವುದು ಎರಡೂ ಕಿತ್ತೂರಿನಲ್ಲೇ ನಡೆದವು. ಕಚೇರಿಯ ಒಳಕರೆಗಳನ್ನು ಹೊರಗಿನ ಕೇಂದ್ರವೇ ಜೋಡಿಸುವ ‘ಸೆಂಟ್ರೆಕ್ಸ್’ ಸೇವೆ ಅಮೆರಿಕದಲ್ಲಿ 1960ರ ದಶಕದಲ್ಲೇ ಇತ್ತು. ಕ್ಲೌಡ್ ಫೋನ್ ಅದರ ಮುಂದಿನ ಹೆಜ್ಜೆ.

3. ‘ಇಂಟರ್‌ನೆಟ್ ಮೂಲಕ ಫೋನ್ ಮಾಡುವುದು ಕಾನೂನುಬಾಹಿರ.’ ಒಂದು ಕಾಲದಲ್ಲಿ ಇದು ನಿಜವಾಗಿತ್ತು. 2002ರ ಏಪ್ರಿಲಿನಲ್ಲಿ ಸರ್ಕಾರ ಮಿತಿಗಳೊಡನೆ ಅನುಮತಿ ನೀಡಿತು. 2018ರಲ್ಲಿ ದೂರವಾಣಿ ಸಂಖ್ಯೆಯೊಡನೆ ಇಂಟರ್‌ನೆಟ್ ಕರೆ ಸೇವೆಗೆ ದಾರಿ ತೆರೆಯಿತು. ಅದೇ ವರ್ಷ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಸೇವೆ ಆರಂಭಿಸಿತು. ಆದರೆ ಸೇವೆ ಕೊಡುವವರ ಬಳಿ ಪರವಾನಗಿ ಇದೆಯೇ ಎಂದು ಕೇಳಲೇಬೇಕು.

4. ‘ಭಾರೀ ವೇಗದ ಇಂಟರ್‌ನೆಟ್ ಬೇಕು.’ ಧ್ವನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕಳಿಸಿದರೆ ಒಂದು ತುಣುಕಿನಲ್ಲಿ 160 ಬೈಟ್ ಧ್ವನಿ, ವಿಳಾಸ ಮುಂತಾದವುಗಳಿಗೆ 40 ಬೈಟ್. ಸೆಕೆಂಡಿಗೆ 50 ತುಣುಕು. 200×50×8 = 80,000 ಬಿಟ್. ಏಕಕಾಲದ ಹತ್ತು ಕರೆಗಳಿಗೆ ಎರಡೂ ದಿಕ್ಕಿನಲ್ಲಿ 1 ಮೆಗಾಬಿಟ್ಟಿಗಿಂತ ಕಡಿಮೆ ಸಾಕು. ವೇಗಕ್ಕಿಂತ ಮುಖ್ಯವಾದದ್ದು ತುಣುಕುಗಳು ಕಳೆದುಹೋಗದೆ, ಸಮ ಅಂತರದಲ್ಲಿ, ತಡವಿಲ್ಲದೆ ಬರುವುದು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಮಾತುಕತೆಗೆ ತೊಡಕಾಗದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ.

5. ‘ಹಳೆಯ ಸಂಖ್ಯೆ ತಾನಾಗಿ ಜೊತೆಗೆ ಬರುತ್ತದೆ.’ 2011ರಲ್ಲಿ ದೇಶದಾದ್ಯಂತ ಬಂದ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಮೊಬೈಲಿಗೆ ಮಾತ್ರ. ಸ್ಥಿರ ದೂರವಾಣಿಗೆ ಅದನ್ನು ತರಲಿಲ್ಲ. ಆದ್ದರಿಂದ ಹಳೆಯ ಸಂಪರ್ಕವನ್ನು ಕೂಡಲೇ ಕಡಿಯದೆ, ಅದಕ್ಕೆ ಬಂದ ಕರೆಗಳು ಹೊಸ ಸಂಖ್ಯೆಗೆ ಹೋಗುವಂತೆ ಕೆಲಕಾಲ ವ್ಯವಸ್ಥೆ ಮಾಡಿಕೊಳ್ಳುವುದು ಜಾಣತನ.

6. ‘ಹಳೆಯ ಫೋನುಗಳನ್ನೆಲ್ಲ ಎಸೆಯಬೇಕು.’ ಬೇಕಿಲ್ಲ. ಹಳೆಯ ಫೋನಿನ ಸಂಕೇತವನ್ನು ಅಂಕಿಯ ತುಣುಕುಗಳಾಗಿ ಮಾರ್ಪಡಿಸುವ ಚಿಕ್ಕ ಅಡಾಪ್ಟರ್‌ಗಳು ದೊರೆಯುತ್ತವೆ.

ನಿಜವಾಗಿ ಬದಲಾಗುವುದೇನು?

ಹಾಗಾದರೆ ಹಳೆಯದಕ್ಕೂ ಹೊಸದಕ್ಕೂ ಭೇದವೇ ಇಲ್ಲವೇ? ಇದೆ. ಬದಲಾಗುವುದು ಜೋಡಿಸುವ ಗಣಕ ಎಲ್ಲಿದೆ ಎಂಬುದು. ರ‍್ಯಾಕ್ಸ್ ಆ ಗಣಕವನ್ನು ಊರೊಳಗೆ ತಂದಿತು. ಹೊರಗಿನ ಟ್ರಂಕ್ ಹಾದಿ ಕಡಿದರೂ ಊರಿನ ಇಬ್ಬರು ಚಂದಾದಾರರು ಪರಸ್ಪರ ಮಾತನಾಡಬಹುದಿತ್ತು. ಕ್ಲೌಡ್ ಅದೇ ಗಣಕವನ್ನು ನೂರಾರು ಕಿ.ಮೀ. ಆಚೆಗೆ ಒಯ್ಯುತ್ತದೆ. ಸಾಮಾನ್ಯವಾಗಿ, ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಕರೆ ಮಾಡಿದರೂ ಅದನ್ನು ಜೋಡಿಸುವ ಆಜ್ಞೆ ಅಲ್ಲಿಗೆ ಹೋಗಿ ಬರಬೇಕು. ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಒಳಕರೆಗಳೂ ನಿಲ್ಲಬಹುದು.

ಎರಡನೆಯದು ವಿದ್ಯುತ್ತು. ಹಳೆಯ ದೂರವಾಣಿಗೆ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಫೋನ್ ಕೆಲಸ ಮಾಡುತ್ತಿತ್ತು. ಕ್ಲೌಡ್ ಫೋನಿಗೆ, ಅದರ ರೂಟರಿಗೆ ನಿಮ್ಮ ಕಟ್ಟಡದ ವಿದ್ಯುತ್ತೇ ಬೇಕು. ಮೂರನೆಯದು ತುರ್ತು ಕರೆ. ತಂತಿಯ ದೂರವಾಣಿ ಸಂಖ್ಯೆ ಒಂದು ವಿಳಾಸಕ್ಕೆ ಬೆಸೆದುಕೊಂಡಿರುತ್ತದೆ. ಇಂಟರ್‌ನೆಟ್ ಸಂಖ್ಯೆಯನ್ನು ಎಲ್ಲಿಂದ ಬೇಕಾದರೂ ಬಳಸಬಹುದಾದ್ದರಿಂದ, ಕರೆದವರು ಎಲ್ಲಿದ್ದಾರೆಂಬುದು 112ರವರಿಗೆ ತಿಳಿಯದೆ ಹೋಗಬಹುದು.

ಇದಕ್ಕೆ ಎದುರಾಗಿ ಲಾಭಗಳೂ ಇವೆ. ಪೆಟ್ಟಿಗೆ ಕೆಟ್ಟರೆ ದುರಸ್ತಿಗೆ ಜನ ಬರುವವರೆಗೆ ಕಾಯಬೇಕಿಲ್ಲ. ದೊಡವಾಡದ ಸಂಘಕ್ಕೆ ಬೈಲಹೊಂಗಲದಲ್ಲಿ ಇನ್ನೊಂದು ಶಾಖೆಯಿದ್ದರೆ ಎರಡೂ ಒಂದೇ ಒಳಜಾಲದಲ್ಲಿರಬಹುದು. ಕಚೇರಿಯ ಇಂಟರ್‌ನೆಟ್ ನಿಂತಾಗ ಹೊರಗಿನ ಕರೆಗಳನ್ನು ಮೊಬೈಲಿಗೆ ತಿರುಗಿಸುವ ಸೌಲಭ್ಯವೂ ಇದರಲ್ಲಿದೆ. ಆದರೆ ಅದನ್ನು ಮೊದಲೇ ಹೊಂದಿಸಿಟ್ಟಿರಬೇಕು.

ಆದ್ದರಿಂದ ‘ಕ್ಲೌಡ್ ಒಳ್ಳೆಯದೇ, ಕೆಟ್ಟದ್ದೇ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಕರೆಂಟು ಹೋದಾಗ ರೂಟರ್ ಎಷ್ಟು ಗಂಟೆ ನಡೆಯುತ್ತದೆ? ಕೇಬಲ್ ತುಂಡಾದರೆ ಎರಡನೆಯ ಹಾದಿ ಯಾವುದು? ತುರ್ತಿಗೆಂದು ಒಂದು ಮೊಬೈಲ್ ಅಥವಾ ತಂತಿಯ ಸಂಪರ್ಕ ಉಳಿದಿದೆಯೇ? ಈ ಮೂರಕ್ಕೂ ಉತ್ತರವಿದ್ದರೆ ಬದಲಾಗಬಹುದು; ಇಲ್ಲದಿದ್ದರೆ ಕಾಯುವುದು ಲೇಸು. 1986ರಲ್ಲಿ ಕಿತ್ತೂರಿಗೆ ಯಂತ್ರವನ್ನು ರೂಪಿಸಿದವರು ಮೊದಲು ಯೋಚಿಸಿದ್ದೂ ಊರಿನ ಬಿಸಿಲು, ದೂಳು, ವಿದ್ಯುತ್ತಿನ ಬಗ್ಗೆಯೇ.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ನಿಮ್ಮ ಊರಿನ ಆಸ್ಪತ್ರೆ, ಬ್ಯಾಂಕು, ಪಂಚಾಯಿತಿಗಳ ಕರೆ ಯಾವ ಹಾದಿಯಲ್ಲಿ ಸಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ವಿಚಾರಿಸಿ ನಕ್ಷೆ ಬರೆಯಲಿ. ಆ ಹಾದಿಯಲ್ಲಿ ಎಲ್ಲೆಲ್ಲಿ ವಿದ್ಯುತ್ತು ಬೇಕು ಎಂಬುದನ್ನೂ ಗುರುತಿಸಲಿ.