ವಿಷಸರ್ಪವನ್ನು ಸಾಕಬಹುದೇ? ಎರಡು ಮರಣಗಳ ವೃತ್ತಾಂತ

ವಿಷಸರ್ಪವನ್ನು ಹಿಡಿದು ಮನೆಯಲ್ಲಿಟ್ಟು ಸಾಕಬೇಕೆಂಬ ಆಸೆಯು ಅನೇಕ ದೇಶಗಳ ತರುಣರಲ್ಲಿ ಕಂಡುಬರುತ್ತದೆ. ಹಾವಾಡಿಗನ ಬುಟ್ಟಿಯ ಮುಂದೆ ಬಾಲ್ಯದಲ್ಲಿ ಬೆರಗಾಗಿ ನಿಲ್ಲದವರು ನಮ್ಮಲ್ಲಿಯೂ ವಿರಳವೇ ಆದುದರಿಂದ, ಆ ಆಸೆಯನ್ನು ಬರಿಯ ಹುಚ್ಚೆಂದು ತಳ್ಳಿಬಿಡುವುದು ನ್ಯಾಯವಲ್ಲ. ಹೊಸಬನು ಇದಕ್ಕೆ ಕೈಹಾಕಬಹುದೇ ಎಂದು ಕೇಳಿದರೆ, ಕೈ ಪಳಗುವವರೆಗೆ ಬೇಡ, ಪಳಗಿದ ಮೇಲೆ ಅಡ್ಡಿಯಿಲ್ಲ ಎಂದು ಬಲ್ಲವರೆನಿಸಿಕೊಂಡವರು ಹೇಳುವುದುಂಟು. ಈ ಉತ್ತರವು ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದನ್ನು ಕಳೆದ ಶತಮಾನದ ಎರಡು ಮರಣಗಳಿಂದ ಪರೀಕ್ಷಿಸಬಹುದು.

ಮೊದಲನೆಯದು ಆಸ್ಟ್ರೇಲಿಯದ್ದು. ಆ ಖಂಡದ ಉತ್ತರದ ಸೀಮೆಯಲ್ಲಿ ಟೈಪಾನ್ ಎಂಬ ಸರ್ಪವಿದೆ. ಟೈಗರ್ ಸ್ನೇಕ್ ಎಂಬ ಬೇರೊಂದು ಹಾವಿನ ವಿಷಕ್ಕೆ 1930ರಲ್ಲಿಯೇ ಪ್ರತಿವಿಷವು ಸಿದ್ಧವಾಗಿದ್ದರೂ, ಟೈಪಾನ್ ಕಚ್ಚಿದವರಿಗೆ ಇಪ್ಪತ್ತು ವರ್ಷಗಳ ತರುವಾಯವೂ ಮದ್ದಿರಲಿಲ್ಲ. ಜೀವಂತ ಸರ್ಪದ ವಿಷವನ್ನು ಹಿಂಡಿ, ಅದನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಕುದುರೆಗೆ ಚುಚ್ಚಿ, ಆ ಕುದುರೆಯ ರಕ್ತದಿಂದ ಪ್ರತಿವಿಷವನ್ನು ತೆಗೆಯಬೇಕು. ಟೈಪಾನನ್ನು ಹಾಗೆ ಜೀವಸಹಿತ ಹಿಡಿದು ತಂದುಕೊಡುವವರು ಬೇಕಾಗಿದ್ದರು. ಇದಕ್ಕಾಗಿ ಹೊರಟವನು ಕೆವಿನ್ ಬಡನ್ ಎಂಬ ಇಪ್ಪತ್ತು ವರ್ಷದ ತರುಣ. ಆತನು ವೃತ್ತಿಯಿಂದ ವಿಜ್ಞಾನಿಯಲ್ಲದಿದ್ದರೂ ಹಾವು ಹಿಡಿಯುವುದರಲ್ಲಿ ಹೊಸಬನಾಗಿರಲಿಲ್ಲ. 1950ರ ಜುಲೈ 27ರಂದು ಕೇರ್ನ್ಸ್ ಪಟ್ಟಣದ ಸಮೀಪದಲ್ಲಿ ಸುಮಾರು ಆರು ಅಡಿ ಉದ್ದದ ಟೈಪಾನ್ ಅವನಿಗೆ ಸಿಕ್ಕಿತು. ಕತ್ತನ್ನು ಹಿಡಿದನು, ಅದು ತೋಳಿಗೆ ಸುತ್ತಿಕೊಂಡಿತು. ಅದೇ ಸ್ಥಿತಿಯಲ್ಲಿ, ದಾರಿಯಲ್ಲಿ ಸಿಕ್ಕಿದ ಲಾರಿಯೊಂದನ್ನೇರಿ, ಹಾವನ್ನು ಗುರುತಿಸಬಲ್ಲವರೊಬ್ಬರ ಮನೆಗೆ ಹೋದನು. (ಆ ಲಾರಿಯ ಚಾಲಕನ ಧೈರ್ಯವನ್ನೂ ಇಲ್ಲಿ ನೆನೆಯತಕ್ಕದ್ದೇ.) ಹಿಡಿಯುವಾಗ ಆಗದ ಅಪಾಯವು ಚೀಲಕ್ಕೆ ಹಾಕುವಾಗ ಆಯಿತು, ಹಾವು ಕೈಯನ್ನು ಕಚ್ಚಿತು. ಅದನ್ನು ಕೊಲ್ಲಬೇಡಿರಿ, ಶೋಧನೆಗೆ ಕಳುಹಿಸಿರಿ ಎಂದು ಬಡನ್ ಕೇಳಿಕೊಂಡನು. ಇದ್ದ ಟೈಗರ್ ಸ್ನೇಕಿನ ಪ್ರತಿವಿಷವನ್ನೇ ಕೊಟ್ಟು ನೋಡಿದರೂ ಪಾರ್ಶ್ವವಾಯುವಿನಂತೆ ಅಂಗಾಂಗಗಳನ್ನು ಹಿಡಿದ ಸ್ತಂಭನವು ಬಿಡದೆ, ಮರುದಿನ ಆತನು ತೀರಿಕೊಂಡನು. ಹಾವು ಮೆಲ್ಬರ್ನಿಗೆ ಹೋಯಿತು. ಪ್ರಾಣಿಶಾಸ್ತ್ರಜ್ಞನಾದ ಡೇವಿಡ್ ಫ್ಲೇ ಅದರ ವಿಷವನ್ನು ಹಿಂಡಿದನು. 1955ರಲ್ಲಿ ಟೈಪಾನಿನ ಪ್ರತಿವಿಷವು ಬಳಕೆಗೆ ಬಂದು, ಅದೇ ಕೇರ್ನ್ಸಿನಲ್ಲಿ ಶಾಲಾಬಾಲಕನೊಬ್ಬನ ಪ್ರಾಣವನ್ನುಳಿಸಿತು.

ಎರಡನೆಯ ವೃತ್ತಾಂತದಲ್ಲಿ ಮಡಿದವನು ಅರುವತ್ತೇಳು ವರ್ಷದ ವಿದ್ವಾಂಸ, ಕಾರ್ಲ್ ಪ್ಯಾಟರ್ಸನ್ ಷ್ಮಿಟ್. ಉರಗಶಾಸ್ತ್ರದಲ್ಲಿ ಅಮೆರಿಕದಲ್ಲಿಯೇ ಆತನನ್ನು ಮೀರಿದವರು ಕಡಮೆ. 1957ರ ಸೆಪ್ಟೆಂಬರ್ 25ರಂದು ಷಿಕಾಗೋ ನಗರದ ವಸ್ತುಸಂಗ್ರಹಾಲಯಕ್ಕೆ, ಅಲ್ಲಿನ ಮೃಗಾಲಯದಿಂದ ಒಂದು ಎಳೆಯ ಹಾವು ಗುರುತಿಸುವುದಕ್ಕಾಗಿ ಬಂದಿತ್ತು. ಅದು ಆಫ್ರಿಕದ ಬೂಮ್‌ಸ್ಲಾಂಗ್. ವಿಷದ ಹಲ್ಲುಗಳು ಬಾಯ ಹಿಂಭಾಗದಲ್ಲಿರುವ ಜಾತಿ. ಅದು ಹೆಬ್ಬೆರಳನ್ನು ಕಚ್ಚಿತು. ಎಳೆಯ ಹಾವು, ಒಂದೇ ಹಲ್ಲು ಇಳಿದದ್ದು. ಪ್ರಾಣಾಪಾಯವಿಲ್ಲವೆಂದು ಷ್ಮಿಟ್ ಭಾವಿಸಿದನು. ಮನೆಗೆ ಹೋಗುವಾಗಿನ ಓಕರಿಕೆ, ಚಳಿಜ್ವರ, ಒಸಡಿನಿಂದ ಒಸರಿದ ರಕ್ತ, ಎಲ್ಲವನ್ನೂ ವೇಳೆಯೊಡನೆ ಬರೆದಿಟ್ಟನು. ಮರುದಿನ ಬೆಳಗ್ಗೆ ಉಪಾಹಾರವನ್ನೂ ಮಾಡಿದನು. ಮಧ್ಯಾಹ್ನದ ಮೇಲೆ ಉಸಿರು ನಿಂತಿತು.

ಕೈ ಪಳಗಿದವರಿಬ್ಬರೂ ಹೀಗೆ ಹೋದರು. ಅನುಭವದಿಂದ ಕಚ್ಚಿಸಿಕೊಳ್ಳುವ ಸಂಭವವು ತಗ್ಗೀತು. ಕಚ್ಚಿದ ಮೇಲೆ ವಿಷವು ಅನುಭವಿಯೆಂದು ಬಿಡದು. ಆದುದರಿಂದ ಸಾಕಲು ಹೊರಟವನು ತನ್ನ ಕೈಯ ಚಳಕಕ್ಕಿಂತ ಮೊದಲು ವಿಚಾರಿಸತಕ್ಕುದು ಮದ್ದಿನ ವಿಷಯವನ್ನು: ಈ ಹಾವಿಗೆ ಪ್ರತಿವಿಷವುಂಟೇ, ಉಂಟಾದರೆ ಎಷ್ಟು ಗಂಟೆಯ ದಾರಿಯಲ್ಲಿದೆ? ಮೇಲಾಗಿ, ಬಡನ್ ಹಾವನ್ನು ಹಿಡಿದದ್ದಕ್ಕೆ ಒಂದು ಕಾರಣವಿತ್ತು. ಅದಿಲ್ಲದೆ ಆ ಬಾಲಕನಿಗೆ ಮದ್ದು ಹುಟ್ಟುತ್ತಿರಲಿಲ್ಲ. ಮನೆಯ ಮೂಲೆಯ ಪೆಟ್ಟಿಗೆಯಲ್ಲಿ ಕೂಡಿಹಾಕಿದ ಸರ್ಪದಿಂದ ಅಂತಹ ಉಪಕಾರ ಯಾರಿಗೂ ಇಲ್ಲ. ಚಿಲಕ ಸಡಿಲವಾದ ದಿನ ಅದರ ಫಲವನ್ನುಣ್ಣುವವರು ಮನೆಯ ಹೆಂಗಸರು, ಮಕ್ಕಳು, ನೆರೆಯವರು. ಅವರನ್ನು ಒಪ್ಪಿಗೆ ಕೇಳಿದವರು ಯಾರು?

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ನಾಗರಹಾವನ್ನಾಗಲಿ ಕೊಳಕುಮಂಡಲವನ್ನಾಗಲಿ ಹಿಡಿದು ಸಾಕುವುದನ್ನು ಅಪರಾಧವೆಂದೇ ಎಣಿಸಿದೆ. ಅದಂತಿರಲಿ, ಶಾಸನವಿಲ್ಲದಿದ್ದರೂ ಮದ್ದಿನ ಲೆಕ್ಕವು ಬದಲಾಗದು. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷದಿಂದ ಮಾತ್ರ ಸಿದ್ಧವಾದುದು. ಮಲೆನಾಡಿನ ಕಾಳಿಂಗ ಸರ್ಪವು ಆ ನಾಲ್ಕರಲ್ಲಿ ಸೇರಿಲ್ಲ. ಅಲ್ಲಿಯ ತೋಟಗಳ ತರಗೆಲೆಯಲ್ಲಿ ಅಡಗಿರುವ, ಮೂತಿಯ ತುದಿ ಮೇಲಕ್ಕೆ ಮಡಿದ ಚಿಕ್ಕ ಮಂಡಲದ ಹಾವೂ ಸೇರಿಲ್ಲ. ಇನ್ನು ಪರದೇಶದ ಸರ್ಪವನ್ನು ತರಿಸಿಕೊಂಡವನಿಗೆ ಕಚ್ಚಿದರೆ, ಅವನ ಮದ್ದು ಆ ಪರದೇಶದಲ್ಲಿಯೇ ಇರುವುದು; ಷ್ಮಿಟ್ ಷಿಕಾಗೋದಲ್ಲಿ ಸಾಯುತ್ತಿದ್ದಾಗ ಬೂಮ್‌ಸ್ಲಾಂಗಿನ ಪ್ರತಿವಿಷವಿದ್ದುದು ಆಫ್ರಿಕದಲ್ಲಿ.